ಒಂದು ಹಿಡಿ, ಒಂಬತ್ತು ಗ್ರಂಥಿ

ಮಾರ್ಚ್ ೧೧, ಮಂಗಳವಾರ

ಡಾಕ್ಟರ ಬಾಯಿಂದ ಇವತ್ತೂ ಒಂದು ನೇರ ಮಾತು ಬರಲಿಲ್ಲ. ಕರುಳಿನ ಕ್ಯಾನ್ಸರ್ ಶುರುವಿನಲ್ಲೇ ಸಿಕ್ಕಿತು, ಆಪರೇಷನ್ ಮಾಡಿ ಗಡ್ಡೆ ಪೂರ್ತಿ ತೆಗೆದಾಯಿತು, ಎಲ್ಲ ಸರಿ. ಮತ್ತೆ ಬರುತ್ತದಾ ಅಂದರೆ, "ನಿಮ್ಮಂಥ ನೂರು ಜನರಲ್ಲಿ ಹದಿನೈದು ಜನಕ್ಕೆ ಬರಬಹುದು." ನಾನು ಆ ಹದಿನೈದರಲ್ಲೋ, ಉಳಿದ ಎಂಬತ್ತೈದರಲ್ಲೋ? "ಅದನ್ನ ಹೇಳಕ್ಕಾಗಲ್ಲ. ಕ್ಯಾನ್ಸರ್ ಹರಡಿದರೆ ಮೊದಲು ಕರುಳಿನ ಪಕ್ಕದ ಗ್ರಂಥಿಗಳಲ್ಲಿ ಕಾಣುತ್ತೆ. ಕರುಳಿನ ಜೊತೆ ಪರೀಕ್ಷೆಗೆ ಸಿಕ್ಕಿದ್ದು ಒಂಬತ್ತೇ ಗ್ರಂಥಿ. ಒಂಬತ್ತರಲ್ಲೂ ಏನಿಲ್ಲ. ಹನ್ನೆರಡಾದರೂ ಸಿಕ್ಕಿದ್ದರೆ ಎಲ್ಲೂ ಹರಡಿಲ್ಲ ಅಂತ ಇನ್ನಷ್ಟು ಧೈರ್ಯವಾಗಿ ಹೇಳಬಹುದಿತ್ತು."

ನನಗೆ ರೇಗಿಹೋಯಿತು. ಮಂಡಿ ಮೊಹಲ್ಲಾದಲ್ಲಿ ಮೂವತ್ತು ವರ್ಷದಿಂದ ಅಕ್ಕಿ ಮಾರುತ್ತಿದ್ದೇನೆ. ಮೂಟೆಗೆ ಕಬ್ಬಿಣದ ಕೊಳವೆ ಚುಚ್ಚಿ, ಅಂಗೈಗೆ ಬಿದ್ದ ಒಂದು ಹಿಡಿ ನೋಡಿ ಇಡೀ ಮೂಟೆಯ ಜಾತಕ ಹೇಳುತ್ತೇನೆ. ಅಷ್ಟೊಂದು ಓದಿದವರಿಗೆ ಒಂಬತ್ತು ಸಾಲದೆ? ಆಟೋದಲ್ಲಿ ಬಿಂದುವಿಗೆ ಅದನ್ನೇ ಅಂದೆ.

"ಹೋದ ವರ್ಷ ನಮ್ಮನೆಗೆ ತಂದ ಮೂಟೇನೂ ನೀವೇ ಚುಚ್ಚಿ ನೋಡಿದ್ದು ಕಣ್ರೀ. ತಳದಲ್ಲೆಲ್ಲ ಹುಳ ಇತ್ತು," ಅಂದಳು. ಹೆಂಡತಿಗೆ ಇದನ್ನು ನೆನಪಿಸಲು ಇದೇ ಹೊತ್ತು ಸಿಗಬೇಕಾ?

ಸಂಜೆ ಅಂಗಡಿಗೆ ಹಿನಕಲ್‌ನ ಬೋರಮ್ಮ ಬಂದರು. ವರ್ಷಕ್ಕಾಗುವಷ್ಟು ಅಕ್ಕಿ ಬೇಕಿತ್ತು. "ಹುಳ ಬೀಳಲ್ಲ ತಾನೇ ಸಾವ್ಕಾರ್ರೇ?"

ಎಂದಿನ ಮಾತು ನಾಲಿಗೆಯ ತುದಿಗೆ ಬಂದಿತ್ತು. "ಹೇಳಕ್ಕಾಗಲ್ಲ ಕಣಮ್ಮ, ನಾನು ನೋಡಿರೋದು ಒಂದೇ ಹಿಡಿ," ಅಂದುಬಿಟ್ಟೆ.

ಬೋರಮ್ಮ ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, ಪಕ್ಕದ ಅಂಗಡಿ ಹತ್ತಿದರು. ಹುಳ ಬೀಳಲ್ಲ, ಗ್ಯಾರಂಟಿ ಅಂತ ಆ ಅಂಗಡಿಯವನು ಕೂಗಿ ಹೇಳಿದ್ದು ನನಗೂ ಕೇಳಿಸಿತು. ಎದ್ದು ನಾನೂ ಅಲ್ಲಿಗೇ ಹೋಗಿಬಿಡೋಣ ಅನ್ನಿಸಿತು.