ನಮ್ಮ ಚಪ್ಪಲಿಗಳ ಫೋಟೊ

ಮಹಿಳಾ ಅನುದಾನ ಇಲಾಖೆಯ ನಿರ್ದೇಶಕರೇ,

ನಿಮ್ಮ ವೆಬ್‌ಸೈಟಿನಲ್ಲಿ ಹಾಕಿಕೊಂಡಿರುವ ನಮ್ಮ ಚಪ್ಪಲಿಗಳ ಫೋಟೊವನ್ನು ಇವತ್ತೇ ತೆಗೆದುಹಾಕಿ. ಚಪ್ಪಲಿಗೂ ಇಷ್ಟು ರಂಪವೇ ಎಂದು ನಗು ಬರುತ್ತಿದ್ದರೆ, ಪೂರ್ತಿ ಓದಿ ಆಮೇಲೆ ನಗಿ.

ನಮ್ಮದು ಮುಸ್ಲಿಂ ಹೆಂಗಸರ ಪುಟ್ಟ ಸಂಘ. ಮಸೀದಿ ಹಿಂದಿನ ಓಣಿಯಲ್ಲಿ, ನನ್ನ ಹೊಲಿಗೆ ಅಂಗಡಿಯ ಮೇಲಿನ ಕೋಣೆಯಲ್ಲಿ ಸೇರುತ್ತೇವೆ. ಮೊದಲು ಕುರಾನ್ ಓದುತ್ತೇವೆ. ಆಮೇಲೆ ಬಾಗಿಲು ಹಾಕಿಕೊಂಡು ಮನೆಯ ಮಾತಾಡುತ್ತೇವೆ: ಯಾರ ಗಂಡ ಕೈ ಎತ್ತಿದ, ಅವನಿಂದ ಬಿಡುಗಡೆ ಕೇಳುವ ದಾರಿ ಯಾವುದು. ಯಾರು ಬಂದಿದ್ದಾರೆಂದು ಓಣಿಗೆ ಗೊತ್ತಾಗಬಾರದು ಎಂದು ಚಪ್ಪಲಿಯನ್ನು ಹೊರಗೆ ಬಿಡುವುದಿಲ್ಲ, ಚೀಲದಲ್ಲಿ ಹಾಕಿ ಒಳಗೆ ತರುತ್ತೇವೆ. ನಮಗೆ ಓದು ಕಲಿಸಿದ ಟೀಚರಮ್ಮ ಹಾಕಿಕೊಟ್ಟ ರೂಢಿ ಅದು.

ನೀವು ಅನುದಾನ ಕೊಟ್ಟಿರಿ. ಫ್ಯಾನು ಬಂತು, ಕಾರ್ಪೆಟ್ ಬಂತು, ಯಾರೂ ಕೇಳದಿದ್ದ ಚಪ್ಪಲಿ ಸ್ಟ್ಯಾಂಡೂ ಬಂದು ಬಾಗಿಲ ಹೊರಗೆ ಕೂತಿತು. "ಸರ್ಕಾರದ ಗಾಳಿ ಕುಡೀತಿದ್ದಾರೆ, ಇನ್ನು ಸರ್ಕಾರದ ಮಾತೇ ಆಡ್ತಾರೆ" ಎಂದು ಮಸೀದಿ ಕಮಿಟಿಯವರು ಮೂಗು ಮುರಿದರು. ನಾವು ಕಿವಿಗೆ ಹಾಕಿಕೊಳ್ಳಲಿಲ್ಲ. ಆಮೇಲೆ ನಿಮ್ಮ ಅಧಿಕಾರಿಣಿ ತಪಾಸಣೆಗೆ ಬಂದರು. ನಮ್ಮ ಫೋಟೊ ಬೇಡ ಅಂದೆವು.

"ಅಯ್ಯೋ, ಮುಖ ಯಾರಿಗೆ ಬೇಕಮ್ಮಾ? ಎಷ್ಟು ಜನ ಬರ್ತೀರಿ ಅಂತ ಮೇಲಿನವರಿಗೆ ತೋರಿಸಬೇಕು, ಅಷ್ಟೆ. ಚಪ್ಪಲಿ ಜೋಡಿಸಿಡಿ, ಸಾಕು."

ಟೀಚರಮ್ಮ ಬೇಡವೇ ಬೇಡ ಎಂದರು. "ಚಪ್ಪಲಿ ಮೇಲೇನು ಹೆಸರು ಬರೆದಿರತ್ತಾ?" ಎಂದು ನಾವೇ ಅವರ ಬಾಯಿ ಮುಚ್ಚಿಸಿ, ಚಪ್ಪಲಿಗಳನ್ನು ಸ್ಟ್ಯಾಂಡಿನಲ್ಲಿ ಜೋಡಿಸಿಟ್ಟೆವು.

ಬರೆದಿತ್ತು, ಸ್ವಾಮಿ. ನನ್ನ ತಂಗಿಯ ಚಪ್ಪಲಿಯ ಪಟ್ಟಿ ಕಿತ್ತುಹೋದಾಗ ನಾನೇ ಕೆಂಪು ದಾರದಲ್ಲಿ ಹೊಲಿದುಕೊಟ್ಟಿದ್ದೆ. ಅಕ್ಕನ ಅಂಗಡಿಗೆ ಹೋಗಿಬರ್ತೀನಿ ಎಂದು ಹೇಳಿ ಅವಳು ಮೇಲೆ ಬರುತ್ತಿದ್ದಳು. ಅವಳ ಗಂಡ ಆ ಕೆಂಪು ದಾರವನ್ನು ಮೊಬೈಲಿನಲ್ಲಿ, ನಿಮ್ಮ ಫೋಟೊದಲ್ಲಿ ನೋಡಿದ. ಅಂದಿನಿಂದ ಅವಳ ಸುಳಿವಿಲ್ಲ. ಫೋನ್ ಮಾಡಿದರೆ ಅವನೇ ಎತ್ತುತ್ತಾನೆ. "ಚೆನ್ನಾಗಿದ್ದಾಳೆ" ಅನ್ನುತ್ತಾನೆ. ಅವಳ ಕೈಗೆ ಫೋನ್ ಕೊಡುವುದಿಲ್ಲ.

ನಿಮ್ಮ ಸಿಬ್ಬಂದಿಯೇ ತೆರೆದು ನೋಡದ ಆ ಘನ ವೆಬ್‌ಸೈಟನ್ನು ಅವನಿಗೆ ತೋರಿಸಿದವರು ಯಾರು? ಸ್ಟ್ಯಾಂಡು ಬೇಕೆಂದು ನಿಮಗೆ ಹೇಳಿದವರು ಯಾರು? ನೀವು ಕೊಟ್ಟದ್ದು ನೆರವೋ, ನಮ್ಮ ಬಾಗಿಲಿಗೆ ಇಟ್ಟ ಕಾವಲೋ? ಈಗ ನಮ್ಮ ಹೆಂಗಸರೇ ಒಬ್ಬರನ್ನೊಬ್ಬರು ಓರೆಗಣ್ಣಿನಿಂದ ನೋಡುತ್ತಾರೆ. ಮನೆಯ ಮಾತು ನಿಂತುಹೋಗಿದೆ.

ಫೋಟೊ ತೆಗೆದುಹಾಕಿ. ಫ್ಯಾನು, ಕಾರ್ಪೆಟ್, ಸ್ಟ್ಯಾಂಡು ಎಲ್ಲವನ್ನೂ ಹೊತ್ತುಕೊಂಡು ಹೋಗಿ, ನಾವು ಬೆವರುತ್ತಲೇ ಕೂರುತ್ತೇವೆ. ನಿಮ್ಮ ಅಧಿಕಾರಿಣಿಗೆ ತಪಾಸಣೆ ಅಷ್ಟು ಇಷ್ಟವಾದರೆ ನನ್ನ ತಂಗಿಯ ಮನೆಗೆ ಹೋಗಲಿ. ಬಾಗಿಲು ತಟ್ಟಲಿ. ಈ ಸಲ ಮುಖವನ್ನೇ ನೋಡಿಕೊಂಡು ಬಂದು ನನಗೆ ಹೇಳಲಿ.

ಇಂತಿ,
ಕೆಂಪು ದಾರ ಹಾಕಿಕೊಟ್ಟ ಅಕ್ಕ