ಚಾಂದಬಿಯ ಖಾರದ ಕಲ್ಲು

ಭೀಮಾ ನದಿಯ ಮೇಲ್ದಂಡೆ. ಕೂಡುಮನೆಯ ತೊಂಬತ್ತೊಂದನೇ ವರ್ಷ; ನೀವು ಎಣಿಸುವ ರೀತಿಯಲ್ಲಿ 2386ನೇ ಇಸವಿ. ವೈಶಾಖದ ಹುಣ್ಣಿಮೆಗೆ ಇನ್ನು ನಾಲ್ಕು ದಿನ.

ಮುನ್ನೂರ ಅರವತ್ತು ವರ್ಷ ಹಿಂದಿರುವ ಹಿರಿಯರಿಗೆ ರೇವಪ್ಪನ ನಮಸ್ಕಾರ. ನನಗೆ ಐವತ್ತು ತುಂಬಿದೆ, ಆದರೆ ನಿಮಗೆ ನಾನಿನ್ನೂ ಹುಟ್ಟದ ಕೂಸು. ಮಾತು ಹೆಚ್ಚಾದರೆ ಕೂಸಿನ ಬಡಬಡಿಕೆ ಎಂದು ಸಹಿಸಿಕೊಳ್ಳಿ. ಇದನ್ನು ದನಿಗಡಿಗೆಯೊಳಗೆ ಹೇಳುತ್ತಿದ್ದೇನೆ. ಅಂಗೈಯಷ್ಟು ಗಡಿಗೆ ಅದು. ಬಾಯಿ ಹತ್ತಿರ ಹಿಡಿದು ಮಾತಾಡಿದರೆ ಕೇಳಿಸಿಕೊಂಡು ಪುಸ್ತಕದ ಭಾಷೆಗೆ ಇಳಿಸುತ್ತದೆ. ಬೇರೆಯವರ ಮಾತನ್ನು ಮಾತ್ರ ಇದ್ದ ಹಾಗೆಯೇ ಬಿಡು ಎಂದು ಹೇಳಿಟ್ಟಿದ್ದೇನೆ. ನಡುವೆ ನಿಮಗೆ ತಿಳಿಯದ ಶಬ್ದ ಬಂದರೆ ತಪ್ಪು ಗಡಿಗೆಯದಲ್ಲ, ನಮ್ಮ ಕಾಲದ್ದು. ಕ್ಷಮಿಸಿ. ಉಗುರಿನ ಸಂದಿಯಲ್ಲಿ ಖಾರ ಇದೆ, ಕಣ್ಣು ಉರಿಯುತ್ತಿದೆ. ಆದರೂ ಇವತ್ತೇ ಹೇಳದಿದ್ದರೆ ನನಗೆ ರೊಟ್ಟಿ ಸೇರುವುದಿಲ್ಲ!

ದೊಡ್ಡ ನೆರೆಯಲ್ಲಿ ಭೀಮೆ ಹರವಾದಾಗ ಕೆಳಗಿನ ಏಳು ಊರಿನವರು ಮನೆಗಳ ಕಲ್ಲನ್ನೇ ಬಿಚ್ಚಿ, ದೋಣಿಗೆ ಹೇರಿಕೊಂಡು ಈ ದಿಬ್ಬಕ್ಕೆ ಬಂದರು. ನಿಮ್ಮ ಬರಹ, ನಿಮ್ಮ ಚಿತ್ರ ಎಲ್ಲವೂ ನಮಗೆ ತೆರೆಯಲು ಬಾರದ ಪೆಟ್ಟಿಗೆಗಳಲ್ಲಿ ಉಳಿದುಹೋದವು. ಕಲ್ಲು ಮಾತ್ರ ಬಂತು. ಆ ಕಲ್ಲಿನ ರಾಶಿಯಲ್ಲಿ ಹಳೆಯ ಬೌದ್ಧ ಸ್ತೂಪದ ಚೂರುಗಳೂ ಸೇರಿ ಬಂದವು. ಯಾರಿಗೂ ಗೊತ್ತಾಗಲಿಲ್ಲ. ಒಬ್ಬರ ಬಚ್ಚಲಿಗೆ ಕಮಲ, ಇನ್ನೊಬ್ಬರ ದನದ ಗೋದಲಿಗೆ ಆನೆಯ ಸೊಂಡಿಲು, ನಮ್ಮ ಸೋದರತ್ತೆಯ ಹೊಸ್ತಿಲಿಗೆ ಅರ್ಧ ಚಕ್ರ. ಇವನ್ನು ಮನೆಮನೆಯಿಂದ ತಂದು ಜೋಡಿಸುವ ಜಾಗವೇ ಕೂಡುಮನೆ. ಹೊರಗೆ ಬಿಸಿಲೊಲೆಯ ಮೇಲೆ ಚಹಾ ಕುದಿಯುತ್ತಿರುತ್ತದೆ (ಬಿಸಿಲನ್ನೇ ಉರಿಸುವ ಒಲೆ ಅದು), ಒಳಗೆ ನಾವು ಮೂಗಿಗೆ ಕಿವಿ ಹೊಂದುತ್ತದೆಯೇ ಎಂದು ತಕರಾರು ಮಾಡುತ್ತಿರುತ್ತೇವೆ. ನಾನು ಅಲ್ಲಿ ಕಲ್ಲು ಹುಡುಕುವವನು. ನಮ್ಮಪ್ಪ ಸಾಯಬಣ್ಣನೂ ಅದೇ ಕೆಲಸದವನು.

ಕೂಡುಮನೆಗೆ ಒಂದು ಕಟ್ಟಳೆ ಇದೆ. ಯಾರ ಮನೆಯ ಕಲ್ಲನ್ನು ಎತ್ತುತ್ತೇವೋ ಅವರಿಗೆ ಅದೇ ಕೆಲಸ ಮಾಡುವ ಬದಲುಕಲ್ಲು ಕೊಡಬೇಕು, ಅದನ್ನು ನಾವೇ ಪಳಗಿಸಿ ಕೊಡಬೇಕು. ಅವರು ಒಪ್ಪುವವರೆಗೆ ಅವರ ಕಲ್ಲನ್ನು ಮಗುಚಿ ನೋಡುವಂತಿಲ್ಲ. ಹಿಂದೆ ಕೆಲವರು ಮಗುಚಿ, ಚೆಂದದ ಮುಖ ಕಂಡ ಕೂಡಲೇ ಕಿತ್ತುಕೊಂಡು ಓಡಿದ್ದರಂತೆ. ಹಾಗಾಗಿ ನಾವು ಅಂಚನ್ನು ಮಾತ್ರ ನೂಲು ಹಿಡಿದು ಅಳೆಯುತ್ತೇವೆ. ಉಳಿದದ್ದು ನಂಬಿಕೆ.

ನಮ್ಮ ನಡುಮನೆಯಲ್ಲಿ ಆಳೆತ್ತರದ ಸುಣ್ಣಕಲ್ಲಿನ ಹಲಗೆಯೊಂದಿದೆ, ಮೂವತ್ತೆಂಟು ಚೂರು ಜೋಡಿಸಿದ್ದು. ಎರಡೂ ಕಡೆ ಕೈಮುಗಿದು ಕುಳಿತ ಜನ. ಒಬ್ಬಳ ಓಲೆಯಂತೂ ಭುಜಕ್ಕೆ ತಾಗುತ್ತದೆ. ಮೇಲೆ ಅರಳಿಯ ಎಲೆಗಳು. ಕೆಳಗೆ ಪೀಠ, ಪೀಠದ ಮುಂದೆ ಚಕ್ರದ ಗುರುತಿರುವ ಎರಡು ಪಾದಗಳು. ಪೀಠಕ್ಕೂ ಮರಕ್ಕೂ ನಡುವೆ ಮೊಳದಗಲದ ತೂತು. ಅಲ್ಲಿ ಬುದ್ಧ ಕುಳಿತಿದ್ದ, ಒಡೆದುಹೋದ ಎಂದು ಅಪ್ಪ ನಂಬಿದ್ದ. ಪಾದ ಇದ್ದ ಮೇಲೆ ಕಾಲಿರಬೇಕು, ಕಾಲಿದ್ದ ಮೇಲೆ ಮನುಷ್ಯ ಇರಬೇಕು! ನಲವತ್ತು ವರ್ಷ ಆ ಮುಖವನ್ನು ಹುಡುಕಿ, ಕಾಣದೆ ತೀರಿಕೊಂಡ. ನನಗೂ ಸಾಕಾಯಿತು. ಹೊಸ ಮೂರ್ತಿ ಕೆತ್ತಿಸಿ ಕೂಡಿಸೋಣ ಎಂದು ಸಭೆಯಲ್ಲಿ ಹಟ ಹಿಡಿದವನು ನಾನೇ. ಕಲ್ಲುಕುಟಿಗ ಮೋನಪ್ಪ ಮೂರು ವರ್ಷ ಕೂತು ಕೆತ್ತಿದ. ಮೂರ್ತಿ ಕೂಡಬೇಕಾದರೆ ತೂತಿನ ಹಳೆಯ ಅಂಚನ್ನು ನೇರಕ್ಕೆ ಕತ್ತರಿಸಬೇಕು. ಒಮ್ಮೆ ಕತ್ತರಿಸಿದರೆ ಮೂಲ ಚೂರು ನಾಳೆ ಸಿಕ್ಕರೂ ಕೂಡುವುದಿಲ್ಲ. ಇವತ್ತು ನಡುಮಧ್ಯಾಹ್ನಕ್ಕೆ ಉಳಿ ಹಾಕುವುದೆಂದು ನಿಗದಿಯಾಗಿತ್ತು.

ಏಳು ದಿನದ ಹಿಂದೆ ಚಾಂದಬಿಯ ಮನೆಗೆ ನೀರು ಕುಡಿಯಲು ಹೋದೆ. ಎಂಬತ್ತು ದಾಟಿದ ಮುದುಕಿ, ಒಬ್ಬಳೇ ಕುಳಿತು ಖಾರ ಅರೆಯುತ್ತಿದ್ದಳು. ನೆಲದಲ್ಲಿ ಹೂತ ಕಲ್ಲು. ಅದರ ಅಂಚಿನಲ್ಲಿ ಹಾವು ಹೊರಳಿದಂಥ ಒಂದು ಬಾಗು. ಆ ಬಾಗು ನನಗೆ ನನ್ನ ಅಂಗೈ ಗೆರೆಯಷ್ಟೇ ಪರಿಚಯ! ನೂಲು ಹಿಡಿದೆ. ಹೊಂದಿತು.

"ಏನೋ ತಮ್ಮಾ, ನೀರ ಕುಡಿಲಾಕ ಬಂದಿ, ಮ್ಯಾಲ ನನ್ನ ಕಲ್ಲಿಗಿ ಅಂಗಿ ಹೊಲಿಲತ್ತೀದಿ?" ಎಂದಳು ಮುದುಕಿ.

ವಿಷಯ ಹೇಳಿದೆ. "ಒಯ್ಯಿ, ಬ್ಯಾಡ ಅನ್ನಲ್ಲ. ಆದ್ರ ಹೊಸಾ ಕಲ್ಲ ಮಣ್ಣ ಉಗುಳ್ತದ. ನನಗ ಇರೋವು ನಾಕೇ ಹಲ್ಲ. ಹರಳು ಹತ್ತೂದು ನಿಲ್ಲೋತನಾ ನೀನೇ ಅರೀಬೇಕು."

ಕೂಡುಮನೆಯ ಹಿರಿಯಳಾದ ನಾಗಿಂದ್ರಮ್ಮನ ಹತ್ತಿರ ಓಡಿದೆ, ಕತ್ತರಿಸುವುದನ್ನು ನಾಲ್ಕು ದಿನ ಮುಂದೂಡಿ ಎಂದೆ. ಆಕೆ ಕನ್ನಡಕ ಹಣೆಗೇರಿಸಿ ನೋಡಿದಳು. "ಹಟ ಹಿಡದು ದಿನಾ ಗೊತ್ತು ಮಾಡ್ಸಿದಾಂವ ನೀನೇ. ಹುಣ್ಣಿಮಿಗಿ ಮೂರ್ತಿ ನೋಡ್ಲಾಕ ಬರ್ರಿ ಅಂತ ಹದಿನಾಕು ಊರಿಗಿ ಹೇಳಿ ಕಳ್ಸೀವಿ. ಹುಣ್ಣಿಮಿಯೊಳಗ ಗಾರಿ ಒಣಗ್ಬೇಕಲ್ಲ? ನಿನ್ನ ನೂಲು ಹಿಂದಕ ಎಷ್ಟು ಸಲ ಹೊಂದ್ಯಾದ, ಎಷ್ಟು ಸಲ ಸುಳ್ಳಾಗ್ಯಾದ, ಹೇಳಲೇನು?" ಹನ್ನೊಂದು ಸಲ ಸುಳ್ಳಾಗಿತ್ತು.

ಆಮೇಲೆ ಅರೆದೆ ನೋಡಿ! ಹೊಸ ಕಲ್ಲು ಹೊತ್ತು ತಂದು, ಮೊದಲು ನೆನೆಸಿದ ಜೋಳ, ಆಮೇಲೆ ಉಪ್ಪು, ಆಮೇಲೆ ಕೆಂಪು ಮೆಣಸಿನಕಾಯಿ. ಬೆಳಿಗ್ಗೆಯಿಂದ ಸಂಜೆವರೆಗೆ. ಚಾಂದಬಿ ಬೆರಳಿನಲ್ಲಿ ತೆಗೆದು ನಾಲಿಗೆಗೆ ಹಚ್ಚಿ, ಕಣ್ಣು ಮುಚ್ಚಿ, "ಇನ್ನಾ ಅದ" ಎನ್ನುವಳು. ಐದನೇ ದಿನವೂ "ಇನ್ನಾ ಅದ." ಸುಳ್ಳು ಹೇಳಿಸಬಹುದಿತ್ತು, ಆಕೆಗೆ ನನ್ನ ಮೇಲೆ ಮರುಕವೂ ಇತ್ತು. ಆದರೆ ಆ ನಾಲ್ಕು ಹಲ್ಲು ನೋಡಿದ ಮೇಲೆ ಬಾಯಿ ಬರಲಿಲ್ಲ.

ಇವತ್ತು ಬೆಳಿಗ್ಗೆ ಕೈಬೆರಳಿನ ಗಂಟು ಸುಲಿದು ಖಾರ ತಾಗಿ ನಾನು ಕುಣಿಯುತ್ತಿದ್ದಾಗ ಮುದುಕಿ ನಾಲಿಗೆಗೆ ಹಚ್ಚಿದಳು. ಒಮ್ಮೆ. ಇನ್ನೊಮ್ಮೆ. ಆಮೇಲೆ ಒಂದು ರೊಟ್ಟಿಯನ್ನೇ ಅದ್ದಿ ತಿಂದಳು. "ಒಯ್ಯೋ ಮಾರಾಯ, ಹಲ್ಲಿಗಿ ಏನೂ ಹತ್ತವಲ್ದು. ಖಾರಂತೂ ನಿನ್ನ ಕಣ್ಣಾಗ ಅದ."

ಪಕ್ಕದ ಮನೆಯವರನ್ನು ಕರೆದು, ಹಾರೆ ಹಾಕಿ ಎಬ್ಬಿಸಿದೆವು. ಕೆಳಮುಖಕ್ಕೆ ಮಣ್ಣು ಇಟ್ಟಿಗೆಯಂತೆ ಕಚ್ಚಿತ್ತು, ಏನೂ ಕಾಣಲಿಲ್ಲ. ತಳ್ಳುಬಂಡಿಗೆ ಏರಿಸಿ ಓಡಿದೆ. ಚಾಂದಬಿಯೂ ಹಿಂದೆಯೇ ಹೊರಟಳು, ತನ್ನ ಕಲ್ಲು ಎಲ್ಲಿ ಸೇರುತ್ತದೋ ನೋಡಬೇಕಂತೆ. ಒಳಗೆ ಮೋನಪ್ಪ ಸುಣ್ಣದ ಗೆರೆ ಎಳೆದು, ಉಳಿ ಹಿಡಿದು ಮಂಡಿಯೂರಿದ್ದ. ನಾನು ಕೂಗಿದ್ದು ಭೀಮೆಯ ಆಚೆ ದಡಕ್ಕೂ ಕೇಳಿರಬೇಕು.

ನೀರು ಸುರಿದು ಉಜ್ಜಿದೆವು. ಮೊದಲು ಮರದ ಬೊಡ್ಡೆ ಬಂತು. ಒಂದು ಎಲೆಯ ಅರ್ಧ. ಪೀಠದ ಮೇಲಿನ ದಿಂಬು. ಮುಖ ಬರಲಿ, ಮುಖ ಬರಲಿ ಎಂದು ನಾನು ಉಜ್ಜುತ್ತಲೇ ಇದ್ದೆ. ಮಣ್ಣೆಲ್ಲ ಹೋಯಿತು. ದಿಂಬಿನ ಮೇಲೆ ಯಾರೂ ಇಲ್ಲ! ಒಡೆದ ಗುರುತಿಲ್ಲ, ಕೆತ್ತಿ ತೆಗೆದ ಗಾಯವಿಲ್ಲ. ಕನ್ನಡಿಯಂತೆ ನಯ ಮಾಡಿದ ಬರಿಯ ಕಲ್ಲು. ಹನ್ನೆರಡನೇ ಸುಳ್ಳು ಎಂದುಕೊಂಡೆ. "ಕೂಡ್ಸಿ ನೋಡ್ರಿ ಮೊದಲ" ಎಂದಳು ನಾಗಿಂದ್ರಮ್ಮ. ನಾಲ್ವರು ಎತ್ತಿ ಕೂಡಿಸಿದೆವು. ಎಲೆಯ ಅರ್ಧಕ್ಕೆ ಅರ್ಧ ಸೇರಿತು. ಸಂದಿಯಲ್ಲಿ ಉಗುರು ಇಳಿಯಲಿಲ್ಲ.

ಚಾಂದಬಿಯೇ ಬಗ್ಗಿ ನೋಡಿ ನಕ್ಕಳು. "ಯಾರಿಗಿ ಹುಡುಕ್ಲತ್ತಿದ್ರೋ ಇಷ್ಟು ದಿನಾ? ಇವರೆಲ್ಲಾ ಕೈ ಮುಗದು ಕುಂತಾರಲ್ಲ. ಅವರಿಗಿ ಕಂಡಾನ, ನಿಮಗ ಕಾಣವಲ್ಲ."

ಹಿರಿಯರೇ, ಆಗ ನನ್ನ ತಲೆಯೊಳಗೆ ಬಾಗಿಲು ತೆರೆದಂತಾಯಿತು! ಪಾದದ ಮೇಲ್ಭಾಗ ಕಾಣಬೇಕಾದಲ್ಲಿ ಅಂಗಾಲಿನ ಚಕ್ರ ಹೇಗೆ ಕಂಡೀತು ಎಂದು ನಮ್ಮಲ್ಲಿ ಒಬ್ಬರೂ ಕೇಳಿರಲಿಲ್ಲ. ಅವು ಪಾದಗಳಲ್ಲ, ಹೆಜ್ಜೆಗುರುತು. ಆ ಶಿಲ್ಪಿ ಬುದ್ಧನನ್ನು ಕುರುಹುಗಳಲ್ಲೇ ತೋರಿಸಿ, ಪೀಠವನ್ನು ಬೇಕೆಂದೇ ಖಾಲಿ ಬಿಟ್ಟಿದ್ದ. ಅಪ್ಪ ಹುಡುಕಿದ ಮುಖ ಇರಲೇ ಇಲ್ಲ. ಅದನ್ನು ನೆನೆದು ಅಳು ಬರಬೇಕಿತ್ತು, ಬಂದದ್ದು ನಗು. "ಮೂರು ವರ್ಷ ಕೆತ್ತೀನಲ್ಲೋ ರೇವಪ್ಪಣ್ಣ, ಇವನಿಗಿ ಈಗ ಎಲ್ಲಿ ಕುಂದರ್ಸ್ಲಿ?" ಎಂದು ಮೋನಪ್ಪ ತಲೆ ಚಚ್ಚಿಕೊಂಡ. ನಾಗಿಂದ್ರಮ್ಮ ಹೇಳಿದಳು: "ನಿಮ್ಮ ಅಂಗಳದಾಗ ಕುಂದರ್ಸು. ಆ ಉಳಿ ಮೊದಲ ಕೆಳಗಿಡು."

ಈಗ ನನ್ನ ಬಿನ್ನಹ. ತೊಂಬತ್ತು ವರ್ಷ ನಾವು ಮುಖ, ಕೈ, ಹೂವು ಇರುವ ಚೂರುಗಳನ್ನೇ ಆರಿಸಿದೆವು. ಏನೂ ಇಲ್ಲದ ನಯಗಲ್ಲುಗಳನ್ನು ಬೋಳುಗಲ್ಲು ಎಂದು ಕರೆದು ದೋಣಿಗಟ್ಟೆಗೆ ಮೆಟ್ಟಿಲು ಹಾಸಿಬಿಟ್ಟೆವು. ಅವುಗಳಲ್ಲಿ ಇನ್ನೆಷ್ಟು ಖಾಲಿ ಪೀಠಗಳಿವೆಯೋ! ನಿಮ್ಮ ಕಾಲದಲ್ಲಿ ಚೂರುಗಳು ಇನ್ನೂ ಬಿದ್ದಲ್ಲೇ ಬಿದ್ದಿರಬಹುದು, ಈ ಗುಟ್ಟು ಬಲ್ಲವರೂ ಇರಬಹುದು. ದಯವಿಟ್ಟು ಬೋಳು ಚೂರನ್ನೂ ಎತ್ತಿಡಿ. ಎಲ್ಲಿ ಸಿಕ್ಕಿತೆಂದು ಅದರ ಬೆನ್ನಿಗೇ ಕೊರೆಯಿರಿ, ಪೆಟ್ಟಿಗೆಯಲ್ಲಿ ಬರೆದಿಡಬೇಡಿ. ನಮಗೆ ತಲುಪುವುದು ಕಲ್ಲೊಂದೇ. ಹದಿನಾಲ್ಕು ಊರಿನ ದೋಣಿಗಳು ನಾಡಿದ್ದಿನಿಂದಲೇ ಬರತೊಡಗುತ್ತವೆ. ಅಷ್ಟರೊಳಗೆ ಮೂರು ಮೆಟ್ಟಿಲನ್ನಾದರೂ ಮಗುಚಬೇಕು. ಮೋನಪ್ಪ ಆಗಲೇ ಹಾರೆ ತಂದು ಬಾಗಿಲಲ್ಲಿ ಬೈಯುತ್ತಾ ನಿಂತಿದ್ದಾನೆ. ಹೋಗಿಬರುತ್ತೇನೆ.