ಕೊಬ್ಬಿಲ್ಲದ ಬೀನ್ಸ್

ಪ್ರೀತಿಯ ಶಾಹಿದಾ ಅಕ್ಕ,

ನೀವಿರುವಲ್ಲಿ ಶನಿವಾರ ಎಂಬುದೊಂದು ಇದೆಯೋ ಇಲ್ಲವೋ, ನನಗೆ ಗೊತ್ತಿಲ್ಲ. ಅಮೆರಿಕದ ಈ ಡರ್ಹಮ್‌ನಲ್ಲಿ ಮಾತ್ರ ನಮ್ಮ ಶನಿವಾರ ಮತ್ತೆ ಶುರುವಾಗಿದೆ. ಇದನ್ನು ನಿಮಗಲ್ಲದೆ ಇನ್ಯಾರಿಗೆ ಹೇಳಲಿ?

ಮೊದಲ ಸಲ ನೀವು ನನ್ನನ್ನು ಊರು ತೋರಿಸಲು ಕರೆದೊಯ್ದದ್ದು ನೆನಪಿದೆಯಾ? ಹೊಸಬರಿಗೆ ಎಲ್ಲರೂ ಯೂನಿವರ್ಸಿಟಿ ತೋರಿಸಿದರೆ, ನೀವು ತೋರಿಸಿದ್ದು ಮೆಕ್ಸಿಕನ್ ಅಂಗಡಿಗಳ ಬೀದಿ. "ಕಾರಲ್ಲಿ ಹೋದ್ರೆ ವಾಸನೆ ಸಿಗಲ್ಲ ಕಣೇ ವಾಣಿ, ನಡಿ" ಎಂದು ಬೇಕರಿಯ ಮುಂದೆ ಕಾರು ಬಿಟ್ಟಿರಿ. ಅಂಗಡಿ ಅಂಗಡಿ ಹೊಕ್ಕು, ಕೊನೆಗೆ ಟೈರ್ ಅಂಗಡಿಯ ಪಕ್ಕ ನಿಲ್ಲುವ ಲೂಪೆಯ ಟಾಕೋ ಟ್ರಕ್ಕಿಗೆ ಬಂದೆವು. ಟಾಕೋ ಎಂದರೆ ಮಾಂಸ ತುಂಬಿದ ರೊಟ್ಟಿ. ನಾನು ಉಡುಪಿಯ ಪುಳಿಚಾರು, ಮಾಂಸ ಮುಟ್ಟುವವಳಲ್ಲ. ಹಲಾಲ್ ಅಲ್ಲವೆಂದು ನಿಮಗೂ ಬೇಡ. ಬೀನ್ಸ್ ಅಂದರೆ ಬರೀ ಬೇಯಿಸಿದ ಕಾಳು ತಾನೇ, ಅದರಲ್ಲೇನಿರುತ್ತದೆ? ಇಬ್ಬರೂ ತಟ್ಟೆ ಬಳಿದು ತಿಂದೆವು. ಇನ್ನೊಂದು ತಟ್ಟೆ ಕೇಳಲು ಕಿಟಕಿಗೆ ಹೋದರೆ, ಲೂಪೆ ಬೀನ್ಸ್ ಪಾತ್ರೆಗೆ ದೊಡ್ಡ ಚಮಚದ ತುಂಬ ಬಿಳಿ ಕೊಬ್ಬು ಹಾಕುತ್ತಿದ್ದಳು. ಹಂದಿಯದು!

ಸೈಡ್‌ವಾಕಿನ ಅಂಚಿನಲ್ಲಿ ನಿಂತು, ಒಂದೇ ಬಾಟಲಿಯ ನೀರಿನಲ್ಲಿ ಬಾಯಿ ಮುಕ್ಕಳಿಸಿದೆವಲ್ಲ ಅಕ್ಕ. ನನಗೆ ಅಳುವೇ ಬಂದಿತ್ತು. ನಿಮಗೋ ನಗು ತಡೆಯಲಾಗುತ್ತಿರಲಿಲ್ಲ. "ಗೊತ್ತಿಲ್ದೆ ತಿಂದಿದ್ದು ಕಣೇ. ನಿನ್ನ ಕೃಷ್ಣನಿಗೆ ನೀನು ಹೇಳು, ಅಲ್ಲಾಗೆ ನಾನು ಹೇಳ್ತೀನಿ. ಆದ್ರೆ ಎಂಥಾ ರುಚಿ ಅಲ್ವೇನೇ!"

ಆಮೇಲೆ ಪ್ರತಿ ಶನಿವಾರವೂ ಅದೇ ನಡಿಗೆ, ಅದೇ ಪ್ರಶ್ನೆ: "ಹಂದಿ ಕೊಬ್ಬು ಇದೆಯಾ?" ನೀವು ಕೆಲಸ ಮಾಡುತ್ತಿದ್ದ ಆಸ್ಪತ್ರೆಯ ಫಾರ್ಮಸಿಯಲ್ಲಿ ಕಲಿತ ಸ್ಪ್ಯಾನಿಷ್‌ನಲ್ಲಿ ಮೊದಲು ನಿಮ್ಮ ಹೆಸರು ಹೇಳಿ, ಅವರಿಂದಲೂ ಹೇಳಿಸಿ, ಅನಂತರ ಪ್ರಶ್ನೆ ಕೇಳುವಿರಿ. ಬೇಕರಿಯ ಬನ್ನಿನಲ್ಲಿ ಇದೆ. ಮುಸುಕಿನ ಜೋಳದ ರೊಟ್ಟಿಯಲ್ಲಿ ಇಲ್ಲ. ನಿಂಬೆ, ಖಾರದಪುಡಿ ಸವರಿದ ಜೋಳದ ತೆನೆ ಕಡಿಯುತ್ತಾ ನೀವು ಮೈಸೂರಿನ ದಸರಾ ಎಕ್ಸಿಬಿಷನ್ ಅನ್ನುವಿರಿ, ನಾನು ಮಲ್ಪೆ ಬೀಚ್ ಅನ್ನುವೆ. ಕೊಬ್ಬು ಹಾಕದೆ ಬೀನ್ಸ್ ಮಾಡು ಎಂದು ಎಷ್ಟು ಕೇಳಿದರೂ ಲೂಪೆ ಮಾತ್ರ ಜಗ್ಗಲಿಲ್ಲ. "ಅದಿಲ್ದೆ ಅದು ಬೀನ್ಸೇ ಅಲ್ಲ" ಎಂಬುದೇ ಅವಳ ಉತ್ತರ.

ಕೀಮೋ ನಡುವೆ ಒಮ್ಮೆ ಹಟ ಮಾಡಿ ಬಂದಿರಲ್ಲ, ಆ ದಿನ ಬೇಕರಿಯಿಂದ ಟ್ರಕ್ಕಿನವರೆಗೆ ನನ್ನ ತೋಳು ಬಿಡಲೇ ಇಲ್ಲ. "ಬಾಯಿಗೆ ಏನೂ ರುಚಿ ಹತ್ತಲ್ಲ ಕಣೇ. ಆ ಬೀನ್ಸ್ ಒಂದ್ಸಲ ತಿನ್ನೋ ಹಾಗಿದ್ದಿದ್ರೆ…" ಔಷಧಿ ಅಂದುಕೊಂಡು ತಿನ್ನಿ ಅಂದೆ. "ಗೊತ್ತಿದ್ದೂ ತಿಂದ್ರೆ ಅದು ಬೇರೆ ಲೆಕ್ಕ" ಎಂದು ಲೂಪೆಯನ್ನು ಮತ್ತೆ ಕೇಳಿದಿರಿ. ಅವಳು ತಲೆ ಅಲ್ಲಾಡಿಸಿದಳು. ಬರೀ ರೊಟ್ಟಿಗೆ ನಿಂಬೆ ಹಿಂಡಿಕೊಂಡು ತಿಂದಿರಿ. ನಾವು ಹೊರಟಾಗ ಅವಳು ಕಿಟಕಿಯಿಂದ ಬಗ್ಗಿ ನೋಡುತ್ತಲೇ ಇದ್ದಳು. ನೀವು ತಿರುಗಿ ನೋಡಲಿಲ್ಲ.

ನೀವು ಹೋದ ಮೇಲೆ ನಾನು ಆ ಬೀದಿಯನ್ನೇ ಬಿಟ್ಟೆ. ಸುತ್ತು ದಾರಿಯಲ್ಲಿ ಆಫೀಸಿಗೆ ಹೋಗುತ್ತಿದ್ದೆ. ಮೊನ್ನೆ ನಿಮ್ಮ ಮಗಳು ಸನಾಳ ಫೋನ್ ಬಂತು. "ವಾಣಿ ಆಂಟಿ, ಸ್ಯಾಟರ್ಡೇ ವಾಕ್ ಹೋಗಣಾ? ಕಾಲೇಜ್‌ಗೆ ಹೋಗೋ ಮುಂಚೆ ಐ ವಾಂಟ್ ಟು ಡೂ ಇಟ್. ಅಮ್ಮಿ ತರಾನೇ." ಹೇಗೆ ಬೇಡ ಅನ್ನಲಿ?

ಟ್ರಕ್ಕಿನ ಕಿಟಕಿಯಿಂದ ಲೂಪೆ ನಮ್ಮಿಬ್ಬರನ್ನು ನೋಡಿ, ಹಿಂದೆ ಇನ್ನೊಬ್ಬರಿಗಾಗಿ ಹುಡುಕಿದಳು. ಸನಾ ಸ್ಕೂಲಿನ ಸ್ಪ್ಯಾನಿಷ್‌ನಲ್ಲಿ ವಿಷಯ ಹೇಳಿದಳು.  ಲೂಪೆ ಮುಚ್ಚಳವಿದ್ದ ಪುಟ್ಟ ಪಾತ್ರೆಯೊಂದನ್ನು ಹಿಡಿದು ಟ್ರಕ್ಕಿನಿಂದ ಕೆಳಗಿಳಿದು ಬಂದಳು. ಕೊಬ್ಬಿಲ್ಲದ ಬೀನ್ಸ್! ನೀವು ಬರೀ ರೊಟ್ಟಿ ತಿಂದ ಆ ದಿನವೇ ಮನೆಗೆ ಹೋಗಿ ಶುರುಮಾಡಿದಳಂತೆ. ಮುಂದಿನ ಶನಿವಾರಕ್ಕೇ ತಯಾರಿತ್ತಂತೆ, ಅಂದಿನಿಂದ ಪ್ರತಿ ಶನಿವಾರವೂ ಮಾಡುತ್ತಿದ್ದಾಳಂತೆ. "ಕಾದೆ, ನೀವು ಬರಲೇ ಇಲ್ಲ" ಅಂದಳು. ಅಕ್ಕ, ಒಂದೇ ಒಂದು ವಾರ ಮೊದಲಾಗಿದ್ದರೆ…

ಸುಳ್ಳು ಹೇಳಲಾರೆ, ಮೊದಲ ದಿನದ ಆ ರುಚಿ ಅದಕ್ಕಿಲ್ಲ. ಎಣ್ಣೆಯಲ್ಲಿ ಬೆಳ್ಳುಳ್ಳಿ, ಒಣಮೆಣಸಿನಕಾಯಿ ಕೆಂಪಗೆ ಹುರಿದು ಸುರಿದಿದ್ದಾಳೆ. ಇದು ನಮ್ಮ ಒಗ್ಗರಣೆಯೇ ಅಲ್ಲವೇ? ಸನಾ ಕಣ್ಣೊರೆಸಿಕೊಂಡು, "ಅಮ್ಮಿ ದಾಲ್ ತರ ಇದೆ ಆಂಟಿ" ಎಂದು ತಟ್ಟೆ ಬಳಿದಳು, ಥೇಟ್ ನಿಮ್ಮ ಹಾಗೆ.

ಬೆಂಗಳೂರಿನಿಂದ ಹೊಸದಾಗಿ ಬಂದ ಸಂಸಾರವೊಂದು ಪಕ್ಕದ ಅಪಾರ್ಟ್‌ಮೆಂಟಿನಲ್ಲಿದೆ. ಬರುವ ಶನಿವಾರ ಅವರನ್ನು ನಾನೇ ನಡೆಸಿಕೊಂಡು ಹೋಗುತ್ತೇನೆ. ಕಾರು ಬೇಕರಿಯ ಮುಂದೆಯೇ. ಆದರೆ ಲೂಪೆಯ ಹತ್ತಿರ ನಮ್ಮ ಹಳೆಯ ಪ್ರಶ್ನೆ ಇನ್ನು ಕೇಳಬೇಕಾಗಿಲ್ಲ. ಟ್ರಕ್ಕಿನ ಬೋರ್ಡಿನಲ್ಲಿ, ಎಲ್ಲ ಟಾಕೋಗಳ ಕೆಳಗೆ, ಆ ಬೀನ್ಸಿಗೆ ಅವಳು ಒಂದು ಹೆಸರಿಟ್ಟು ಬರೆದಿದ್ದಾಳೆ. ಅವತ್ತು ಸನಾ ತನ್ನ ಫ್ಲಿಪ್ ಫೋನಿನಲ್ಲಿ ಅದರ ಫೋಟೋ ತೆಗೆದುಕೊಂಡಳು. ಅಷ್ಟರಲ್ಲಿ ನಮ್ಮ ಹಿಂದೆ ಸಾಲಿನಲ್ಲಿದ್ದ, ಬಟ್ಟೆಯೆಲ್ಲ ಪೇಂಟ್ ಮೆತ್ತಿಕೊಂಡಿದ್ದ ಒಬ್ಬಾತ ಕಿಟಕಿಗೆ ಕೂಗಿ ಹೇಳಿದ: "ನನಗೊಂದು ಶಾಹಿದಾ!"

ನಿಮ್ಮ,
ವಾಣಿ